‘ಎತ್ಕೋ’ ಅನ್ನುವ ಮಕ್ಕಳು, ಮತ್ತೆ ಮತ್ತೆ ಹಿಡಿಯುವ ಸೊಂಟ: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ತಾಯಿಗೆ 34 ವರ್ಷ. ದೊಡ್ಡವಳು ಮೂರೂವರೆ ವರ್ಷದ ಮಗಳು, ಚಿಕ್ಕವನು ಒಂಬತ್ತು ತಿಂಗಳ ಮಗ. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ. ಹೆರಿಗೆ ರಜೆ ಮುಗಿದು ಆಗಷ್ಟೇ ಮತ್ತೆ ಕೆಲಸಕ್ಕೆ ಹೋಗಲು ಶುರು ಮಾಡಿದ್ದರು. ಗಂಡನದು ಪಾಳಿಯ ಕೆಲಸ. ವಾರದಲ್ಲಿ ಕೆಲವು ರಾತ್ರಿ ಅವರು ಮನೆಯಲ್ಲಿ ಇರುವುದಿಲ್ಲ.

ನಾನು ಫಿಸಿಯೋಥೆರಪಿಸ್ಟ್. ಚಿಕ್ಕ ಮಕ್ಕಳಿರುವ ಅಪ್ಪ ಅಮ್ಮಂದಿರ ಬೆನ್ನುನೋವನ್ನು ನೋಡುತ್ತಲೇ ಇರುತ್ತೇನೆ. ಅದರಲ್ಲಿ ಇದೊಂದನ್ನು ಪೂರ್ತಿ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಇವರಿಗೆ ಯಾವ ಸಲಹೆಯೂ ಹೊಸದಾಗಿರಲಿಲ್ಲ. ಬಗ್ಗಬೇಡಿ, ಭಾರ ಎತ್ತಬೇಡಿ, ರೆಸ್ಟ್ ತಗೊಳ್ಳಿ, ಮಂಡಿ ಮಡಚಿ ಎತ್ತಿ ಅಂತ ಎಲ್ಲರೂ ಹೇಳಿದ್ದರು. ಮಕ್ಕಳಿರುವ ಮನೆಯಲ್ಲಿ ಇವನ್ನೆಲ್ಲ ಪಾಲಿಸುವುದು ಹೇಗೆ ಅಂತ ಮಾತ್ರ ಯಾರೂ ಜೊತೆಗೆ ಕೂತು ಯೋಚಿಸಿರಲಿಲ್ಲ. ಅವರ ಒಪ್ಪಿಗೆ ಪಡೆದು, ಗುರುತು ಸಿಗುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಬಂದಾಗ ಇದ್ದ ಸ್ಥಿತಿ

“ಮೇಡಂ, ಈ ಸಲ ಭಾರ ಏನೂ ಎತ್ತಿಲ್ಲ. ನೆಲದ ಮೇಲೆ ಮಗನ ಕಾಲುಚೀಲ ಒಂದು ಬಿದ್ದಿತ್ತು. ತೆಗೆಯೋಕೆ ಅಂತ ಬಗ್ಗಿದೆ, ಸೊಂಟ ಹಿಡ್ಕೊಂಡ್ಬಿಡ್ತು.”

ಇದು ಅವರು ಹೇಳಿದ ಮೊದಲ ಮಾತು. ಅವರಿಗೆ ನೋವಿಗಿಂತ ಜಾಸ್ತಿ ಗಾಬರಿ ತಂದಿದ್ದು ಇದೇ. ಕಾಲುಚೀಲ ಎತ್ತಿದರೇ ಹೀಗಾದರೆ ಮಗುವನ್ನು ಎತ್ತುವುದು ಹೇಗೆ?

ನೋವು ಮೊದಲು ಕಾಣಿಸಿಕೊಂಡಿದ್ದು ಎರಡನೇ ಸಲ ಗರ್ಭಿಣಿಯಾಗಿದ್ದಾಗ, ಏಳನೇ ತಿಂಗಳಲ್ಲಿ. ಹೆರಿಗೆ ಆದಮೇಲೆ ಕಡಿಮೆ ಆಯಿತು. ಮಗನಿಗೆ ಮೂರು ತಿಂಗಳಾಗಿದ್ದಾಗ ಮತ್ತೆ ಬಂತು. ಅಲ್ಲಿಂದ ಹೆಚ್ಚುಕಡಿಮೆ ಎರಡು ತಿಂಗಳಿಗೊಮ್ಮೆ ಬರುತ್ತಲೇ ಇದೆ. ಬಂದಾಗ ಮೊದಲ ಎರಡು ಮೂರು ದಿನ ಹಾಸಿಗೆಯಲ್ಲಿ ಮಗ್ಗುಲು ತಿರುಗುವುದೂ ಕಷ್ಟ. ಆಮೇಲೆ ಹತ್ತು ಹದಿನೈದು ದಿನ ಗೋಡೆ ಹಿಡಿದು ಏಳುವುದು, ಸೊಂಟದ ಮೇಲೆ ಕೈಯಿಟ್ಟುಕೊಂಡೇ ನಡೆಯುವುದು. ನಂತರ ತಾನಾಗಿಯೇ ಹೋಗುತ್ತದೆ. ಸ್ವಲ್ಪ ದಿನ ಚೆನ್ನಾಗಿರುತ್ತಾರೆ. ಮತ್ತೆ ಯಾವುದೋ ಸಣ್ಣ ಕೆಲಸಕ್ಕೆ ಹಿಡಿದುಕೊಳ್ಳುತ್ತದೆ.

ಅಲ್ಲಿಯವರೆಗೆ ಮಾಡಿದ್ದು: ಅಂಗಡಿಯಲ್ಲಿ ತಂದ ನೋವಿನ ಮಾತ್ರೆ, ಮುಲಾಮು, ಸೊಂಟದ ಬೆಲ್ಟ್, ಮತ್ತು ಮಲಗಿಕೊಳ್ಳುವುದು. ಒಂದು ಎಂಆರ್‌ಐ ಕೂಡ ಆಗಿತ್ತು. ವರದಿಯಲ್ಲಿ ಎಲ್‌4-ಎಲ್‌5 ಡಿಸ್ಕ್ (ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿದೆ ಅಂತ ಬರೆದಿತ್ತು. ಅದನ್ನು ಓದಿದ ನೆಂಟರೊಬ್ಬರು ‘ಡಿಸ್ಕ್ ಜಾರಿದೆ’ ಅಂದಿದ್ದರು. ಆ ಮಾತು ಮನಸ್ಸಿನಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಅಂದಿನಿಂದ ಮಗಳನ್ನು ಎತ್ತಿಕೊಳ್ಳುವುದನ್ನೇ ಬಿಟ್ಟಿದ್ದರು. ತಮ್ಮನನ್ನು ಮಾತ್ರ ಎತ್ತಿಕೊಳ್ಳುತ್ತಾರೆ, ತನ್ನನ್ನು ಇಲ್ಲ ಅನ್ನುವುದು ಆ ಮಗುವಿಗೂ ಅರ್ಥವಾಗಿತ್ತು. ಜೊತೆಯ ಮಕ್ಕಳಿಗೆ “ನಮ್ಮಮ್ಮಂಗೆ ಬೆನ್ನು ಮುರಿದಿದೆ” ಅಂತ ಹೇಳಿದ್ದಳಂತೆ. ಇದನ್ನು ನನಗೆ ಹೇಳುವಾಗ ತಾಯಿಯ ಗಂಟಲು ಕಟ್ಟಿತು. ನನ್ನ ಕಡತದಲ್ಲಿ ಆ ವಾಕ್ಯವನ್ನು ಹಾಗೇ ಬರೆದುಕೊಂಡೆ. ನೋವಿನ ಅಂಕಿಗಿಂತ ಅದು ಹೆಚ್ಚು ಹೇಳುತ್ತಿತ್ತು.

ಮೊದಲು ಕೇಳಲೇಬೇಕಾದ ಪ್ರಶ್ನೆಗಳು

ಬೆನ್ನುನೋವು ಯಾರದ್ದೇ ಇರಲಿ, ವ್ಯಾಯಾಮದ ಮಾತಿಗೆ ಮೊದಲು ಕೆಲವು ಅಪಾಯದ ಲಕ್ಷಣಗಳು ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಬೇಕು. ಎರಡೂ ತೊಡೆಗಳ ನಡುವೆ, ಮಲಮೂತ್ರದ ಜಾಗದ ಸುತ್ತ ಮರಗಟ್ಟಿದೆಯೇ? ಮೂತ್ರ ಬಂದಂತಾದರೂ ಹೋಗಲು ಆಗದೆ ಕಟ್ಟಿಕೊಳ್ಳುತ್ತಿದೆಯೇ, ಅಥವಾ ಗೊತ್ತಿಲ್ಲದೆ ಹೋಗುತ್ತಿದೆಯೇ? ಕಾಲಿನ ಬಲ ದಿನೇ ದಿನೇ ಕಡಿಮೆ ಆಗುತ್ತಿದೆಯೇ? ಇವುಗಳಲ್ಲಿ ಯಾವುದು ಹೊಸದಾಗಿ ಶುರುವಾದರೂ ಬೆಳಗಾಗಲಿ ಅಂತ ಕಾಯಬಾರದು, ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಬಿದ್ದು ಪೆಟ್ಟಾಗಿದ್ದದ್ದು, ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡಿದ್ದು, ಮಲಗಿದರೂ ಬಿಡದೆ ಹೆಚ್ಚುತ್ತಲೇ ಹೋಗುವ ರಾತ್ರಿ ನೋವು – ಇವು ಇದ್ದರೆ ಮೊದಲು ವೈದ್ಯರು ನೋಡಬೇಕು.

ಇವರಲ್ಲಿ ಇದ್ಯಾವುದೂ ಇರಲಿಲ್ಲ. ಆದರೆ ಮೂತ್ರದ ಪ್ರಶ್ನೆ ಕೇಳಿದಾಗ ಒಂದು ಕ್ಷಣ ತಡೆದರು. ಸೀನಿದಾಗ, ಮಗಳ ಜೊತೆ ಓಡಿದಾಗ ಒಂದೆರಡು ಹನಿ ಹೋಗುತ್ತದೆ, ಹೆರಿಗೆ ಆದಾಗಿನಿಂದ ಹೀಗೇ, ಯಾರಿಗೂ ಹೇಳಿಲ್ಲ ಅಂದರು. ಹೆರಿಗೆಯ ನಂತರ ಪೆಲ್ವಿಕ್ ಫ್ಲೋರ್, ಅಂದರೆ ಕಿಬ್ಬೊಟ್ಟೆಯ ತಳವನ್ನು ಹಿಡಿದಿಡುವ ಸ್ನಾಯುಗಳು, ಸಡಿಲವಾದಾಗ ಆಗುವ ತೊಂದರೆ ಇದು. ಮೇಲೆ ಹೇಳಿದ ತುರ್ತಿನ ಲಕ್ಷಣ ಇದಲ್ಲ. ಆದರೆ ನಾಚಿಕೆಯಿಂದ ಮುಚ್ಚಿಟ್ಟುಕೊಂಡು ಸಹಿಸುವಂಥದ್ದೂ ಅಲ್ಲ. ಸರಿಯಾದ ವ್ಯಾಯಾಮದಿಂದ ಬಹಳ ಜನರಿಗೆ ಸುಧಾರಿಸುತ್ತದೆ. ಈ ಭಾಗಕ್ಕೆ ಮಹಿಳಾ ಆರೋಗ್ಯದಲ್ಲಿ ತರಬೇತಾದ ಸಹೋದ್ಯೋಗಿಯ ಬಳಿ ಕಳಿಸಿದೆ. ಚಿಕ್ಕ ಮಕ್ಕಳ ತಾಯಂದಿರಿಗೆ ಬೆನ್ನುನೋವು ಅಂತ ಬಂದಾಗ ಈ ಪ್ರಶ್ನೆಯನ್ನು ನಾವೇ ಕೇಳಬೇಕು. ಅವರಾಗಿ ಹೇಳುವುದು ಕಡಿಮೆ.

ಪರೀಕ್ಷೆಯಲ್ಲಿ ನರದ ತೊಂದರೆ ಕಾಣಲಿಲ್ಲ. ಬೆನ್ನು ಮುಂದಕ್ಕೆ ಬಗ್ಗುತ್ತಿತ್ತು, ಆದರೆ ಅವರು ಬಗ್ಗಿಸುತ್ತಿರಲಿಲ್ಲ. ಉಸಿರು ಬಿಗಿಹಿಡಿದು, ಹೊಟ್ಟೆ ಬಿಗಿಮಾಡಿ, ಅರ್ಧಕ್ಕೇ ನಿಲ್ಲುತ್ತಿದ್ದರು. ಪಿರ್ರೆ ಮತ್ತು ತೊಡೆಯ ಬಲ ಕಡಿಮೆಯಾಗಿತ್ತು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ಹತ್ತು ಸಲ ಮಾಡುವಷ್ಟರಲ್ಲಿ ಸುಸ್ತಾದರು.

ಗೊಂಬೆಯನ್ನು ಎತ್ತಿದ್ದು, ಮಗುವನ್ನು ಎತ್ತಿದ್ದು

ಎರಡನೇ ಭೇಟಿಗೆ ಮಕ್ಕಳನ್ನೂ ಕರೆದುಕೊಂಡು ಬನ್ನಿ ಅಂದಿದ್ದೆ. ತೂಕ ತುಂಬಿದ ಗೊಂಬೆಯೊಂದನ್ನು ಚಾಪೆಯ ಮೇಲೆ ಮಲಗಿಸಿ, ಎತ್ತಿ ತೋರಿಸಿ ಅಂದೆ. ಅಚ್ಚುಕಟ್ಟಾಗಿ ಎತ್ತಿದರು. ಕಾಲು ಅಗಲಿಸಿ, ಮಂಡಿ ಮಡಚಿ, ಬೆನ್ನು ನೆಟ್ಟಗೆ. ಪೋಸ್ಟರ್‌ನಲ್ಲಿ ಇರುವ ಹಾಗೇ.

ಸ್ವಲ್ಪ ಹೊತ್ತಿಗೆ ಚಿಕ್ಕವನು ರಚ್ಚೆ ಹಿಡಿದ. ಆ ಕ್ಷಣ ತಾಯಿ ಮಗಳ ಶೂ ಕಟ್ಟುತ್ತಿದ್ದರು. ಎಡಗೈಯಲ್ಲಿ ಶೂ ಬಿಡದೆಯೇ, ಕೂತಲ್ಲಿಂದಲೇ ಅರ್ಧ ತಿರುಗಿ, ಬಲಗೈಯನ್ನು ಉದ್ದ ಚಾಚಿ ಮಗನನ್ನು ಒಂದೇ ಕೈಯಲ್ಲಿ ಎಳೆದುಕೊಂಡು ಕಂಕುಳಿಗೆ ಹಾಕಿಕೊಂಡರು. ಎದ್ದು ನಿಂತಾಗ ಮಗಳು ಇನ್ನೊಂದು ಕೈಗೆ ಜೋತುಬಿದ್ದಳು. ಇಡೀ ಕೆಲಸ ಮೂರು ಸೆಕೆಂಡಿನಲ್ಲಿ ಮುಗಿಯಿತು. ತಾವು ಏನು ಮಾಡಿದೆವು ಅನ್ನುವುದು ಅವರ ಗಮನಕ್ಕೂ ಬಂದಿರಲಿಲ್ಲ.

ನನ್ನ ಮಟ್ಟಿಗೆ ಇಡೀ ಪ್ರಕರಣದ ಗುಟ್ಟು ಇಲ್ಲಿದೆ. ಅಳುವ ಮಗುವಿನ ಮುಂದೆ ಯಾವ ತಾಯಿಗೂ ಭಂಗಿಯ ಪಾಠ ನೆನಪಾಗುವುದಿಲ್ಲ. ನೆನಪಾಗಬೇಕು ಅಂತ ಬಯಸುವುದೂ ಅನ್ಯಾಯ. ಹಾಗಾಗಿ ಎರಡು ಕೆಲಸ ಆಗಬೇಕಿತ್ತು. ಒಂದು, ಇಂಥ ಆತುರದ ಎತ್ತುವಿಕೆ ದಿನದಲ್ಲಿ ಕಡಿಮೆ ಆಗುವಂತೆ ಮನೆಯನ್ನು ಬದಲಿಸುವುದು. ಎರಡು, ಆಗಾಗ ಹೀಗೆ ಅಡ್ಡಾದಿಡ್ಡಿ ಎತ್ತಿದರೂ ತಡೆಯುವಷ್ಟು ಬೆನ್ನನ್ನು ಗಟ್ಟಿ ಮಾಡುವುದು. ಎರಡನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬೆನ್ನನ್ನು ಕಾಪಾಡುವ ಮಾತೇ ಎಲ್ಲೆಡೆ, ಬೆಳೆಸುವ ಮಾತು ಕಡಿಮೆ.

ಭಂಗಿಗೆ ಬೆಲೆಯೇ ಇಲ್ಲ ಅಂತಲ್ಲ. ದೂರ ಹಿಡಿದ ಭಾರ ಬೆನ್ನಿಗೆ ಜಾಸ್ತಿ ಅನ್ನುವುದಕ್ಕೆ ಅಳತೆಯೇ ಇದೆ. ಒಬ್ಬ ಸ್ವಯಂಸೇವಕರ ಡಿಸ್ಕಿನ ಒಳಗೇ ಸೆನ್ಸರ್ ಇಟ್ಟು ಒತ್ತಡ ಅಳೆದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಸುಮ್ನೆ ನಿಂತಾಗ 0.5 ಮೆಗಾಪ್ಯಾಸ್ಕಲ್. 20 ಕೆಜಿಯನ್ನು ಮೈಗೆ ಒತ್ತಿ ಹಿಡಿದಾಗ 1.1. ಅದೇ 20 ಕೆಜಿಯನ್ನು ಎದೆಯಿಂದ 60 ಸೆಂಟಿಮೀಟರ್ ದೂರ ಹಿಡಿದಾಗ 1.8. ಅದು ಒಬ್ಬರ ಮೇಲಿನ ಅಳತೆ ಅನ್ನುವುದು ನೆನಪಿರಲಿ. ಆದರೂ ಮಗುವನ್ನು ಎತ್ತುವ ಮುಂಚೆ ಒಂದು ಹೆಜ್ಜೆ ಹತ್ತಿರ ಹೋಗಿ ಅನ್ನುವ ಸಲಹೆಗೆ ಅಷ್ಟು ಸಾಕು. ಇವರಿಗೆ ಭಂಗಿಯ ಬಗ್ಗೆ ನಾನು ಕೊಟ್ಟ ಸೂಚನೆ ಇದೊಂದೇ: ಮೊದಲು ಹತ್ತಿರ, ಆಮೇಲೆ ಎತ್ತುವುದು. ಒಂದೇ ಆದರೆ ನೆನಪಿರುತ್ತದೆ.

ನೋವಿನ ಹಿಂದಿನ ಎರಡು ದಿನ

ಮೂರು ವಾರ ಒಂದು ಪುಟ್ಟ ಡೈರಿ ಬರೆಯಲು ಹೇಳಿದೆ. ರಾತ್ರಿ ಎಷ್ಟು ಸಲ ಎದ್ದರು, ಗಂಡ ಮನೆಯಲ್ಲಿ ಇದ್ದರೋ ಇಲ್ಲವೋ, ಎಷ್ಟು ಹೊತ್ತು ಕದಲದೆ ಕೂತಿದ್ದರು, ನೋವು ಹತ್ತಕ್ಕೆ ಎಷ್ಟು. ಅಷ್ಟೇ. ಇದಕ್ಕಿಂತ ಉದ್ದದ ಡೈರಿಯನ್ನು ಎರಡು ಮಕ್ಕಳ ತಾಯಿ ಬರೆಯಲಾರರು.

ಡೈರಿಯಲ್ಲಿ ಕಂಡಿದ್ದು ಅವರಿಗೇ ಆಶ್ಚರ್ಯ ತಂದಿತು. ನೋವು ಹೆಚ್ಚಾದ ದಿನಕ್ಕೂ ಭಾರ ಎತ್ತಿದ ದಿನಕ್ಕೂ ತಾಳೆ ಆಗುತ್ತಿರಲಿಲ್ಲ. ತಾಳೆ ಆಗುತ್ತಿದ್ದದ್ದು ಕೆಟ್ಟ ರಾತ್ರಿಗಳ ಜೊತೆ. ಗಂಡನಿಗೆ ರಾತ್ರಿ ಪಾಳಿ, ಮಗ ಮೂರು ನಾಲ್ಕು ಸಲ ಎದ್ದಿದ್ದಾನೆ, ಇಂಥ ಎರಡು ರಾತ್ರಿ ಒಟ್ಟಿಗೆ ಬಂದರೆ ಮೂರನೇ ದಿನ ಬೆನ್ನು ಬಿಗಿಯುತ್ತಿತ್ತು. ಕಾಲುಚೀಲದ ದಿನವನ್ನೂ ನೆನಪಿಸಿಕೊಂಡು ನೋಡಿದೆವು. ಅದರ ಹಿಂದಿನ ಎರಡು ರಾತ್ರಿ ಮಗನಿಗೆ ಹಲ್ಲು ಬರುವ ಕಿರಿಕಿರಿ. ಹಿಂದಿನ ದಿನವೆಲ್ಲ ಕೆಲಸದ ಗಡುವಿಗಾಗಿ ಕುರ್ಚಿ ಬಿಟ್ಟು ಎದ್ದಿರಲಿಲ್ಲ. ತುಂಬಿದ ಕೊಡಕ್ಕೆ ಬಿದ್ದ ಕೊನೆಯ ಹನಿಯಷ್ಟೇ ಆ ಕಾಲುಚೀಲ.

ನಿದ್ದೆ ಕೆಟ್ಟರೆ ಮಾರನೇ ದಿನ ನೋವು ಹೆಚ್ಚು ಅನ್ನಿಸುವುದು ಸುಮ್ನೆ ಮನಸ್ಸಿನ ಆಟ ಅಲ್ಲ. ನಿದ್ದೆಗೆಟ್ಟ ನರಮಂಡಲ ಅದೇ ಪ್ರಮಾಣದ ಒತ್ತಡವನ್ನು ಹೆಚ್ಚಿನ ನೋವಾಗಿ ತಿಳಿಸುತ್ತದೆ. ಜೊತೆಗೆ ಬೆಳಗಿನ ಹೊತ್ತಿನದ್ದೂ ಒಂದು ವಿಷಯ ಇದೆ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಸ್ವಲ್ಪ ಉಬ್ಬುತ್ತವೆ. ಬೆಳಿಗ್ಗೆ ಎದ್ದಾಗ ನಾವೆಲ್ಲ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿಯೇ ಎತ್ತರ ಇರುತ್ತೇವೆ. ಆ ಹೊತ್ತಿನಲ್ಲಿ ಪೂರ್ತಿ ಬಗ್ಗಿದರೆ ಡಿಸ್ಕಿನ ಮೇಲೆ ಬೀಳುವ ಸೆಳೆತ ದಿನದ ಉಳಿದ ಹೊತ್ತಿಗಿಂತ ಹೆಚ್ಚು. ಈ ತಾಯಿಯ ದಿನ ಶುರುವಾಗುತ್ತಿದ್ದದ್ದೇ ತೊಟ್ಟಿಲಿನ ಕಂಬಿಯ ಮೇಲಿಂದ ಬಗ್ಗಿ, ಎಂಟೂವರೆ ಕೆಜಿಯ ಮಗುವನ್ನು ಕೈ ಚಾಚಿ ಎತ್ತುವುದರಿಂದ.

ವರದಿಯ ಬಗ್ಗೆ ಆಡಿದ ಮಾತು

ವ್ಯಾಯಾಮಕ್ಕೆ ಮೊದಲು ಎಂಆರ್‌ಐ ವರದಿಯ ಭಯ ಇಳಿಯಬೇಕಿತ್ತು. ಬೆನ್ನುನೋವೇ ಇಲ್ಲದ 98 ಜನರಿಗೆ ಸ್ಕ್ಯಾನ್ ಮಾಡಿದ ಅಧ್ಯಯನ 1994ರಲ್ಲಿ ಬಂತು. ಅವರಲ್ಲಿ ನೂರಕ್ಕೆ 52 ಜನರಿಗೆ ಒಂದಾದರೂ ಡಿಸ್ಕ್ ಉಬ್ಬಿತ್ತು. 2015ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ, ನೋವಿಲ್ಲದ 3,110 ಜನರ ಮಾಹಿತಿ ನೋಡಿದರು. ಇಪ್ಪತ್ತರ ಹರೆಯದಲ್ಲೇ ನೂರಕ್ಕೆ 30 ಜನರಿಗೆ ಡಿಸ್ಕ್ ಉಬ್ಬು ಇತ್ತು. ವಯಸ್ಸಾದಂತೆ ಅದು ಏರುತ್ತಾ ಹೋಗುತ್ತದೆ.

ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, “ಅಂದ್ರೆ ಇದು ಮೊದಲೇ ಇತ್ತು ಅಂತಲೂ ಆಗಬಹುದು ಅಲ್ವಾ?” ಅಂದರು. ಹೌದು, ಆಗಬಹುದು. ನೋವಿಗೂ ಆ ಉಬ್ಬಿಗೂ ಸಂಬಂಧ ಇಲ್ಲವೇ ಇಲ್ಲ ಅಂತ ನಾನು ಹೇಳಲಿಲ್ಲ. ಹಾಗೆ ಖಚಿತವಾಗಿ ಹೇಳಲು ಯಾರಿಗೂ ಆಗುವುದಿಲ್ಲ. ಕಾಲಿಗೆ ಇಳಿಯುವ ನೋವಿಲ್ಲ, ಜೋಮಿಲ್ಲ, ಬಲ ಸರಿಯಿದೆ; ಹಾಗಾಗಿ ಆ ಸಾಲಿಗೆ ಹೆದರಿ ಮಗಳನ್ನು ಎತ್ತುವುದು ಬಿಡಬೇಕಿಲ್ಲ ಅಂದೆ. ಸೊಂಟನೋವಿನಲ್ಲಿ ನೂರಕ್ಕೆ ಸುಮಾರು 90ರಷ್ಟು ಇಂಥದ್ದೇ ಅಂಗದ ದೋಷ ಅಂತ ಬೆರಳಿಟ್ಟು ತೋರಿಸಲಾಗದ ನೋವು. ಇದೇ ಕಾರಣ ಅಂತ ಒಂದನ್ನು ಹುಡುಕುತ್ತಾ ಕೂತರೆ ತಿಂಗಳುಗಳು ಹೋಗುತ್ತವೆ, ಬೆನ್ನು ಇನ್ನಷ್ಟು ಸೋಲುತ್ತದೆ.

ಮಲಗುವುದರ ಬಗ್ಗೆಯೂ ಮಾತಾಡಿದೆವು. ಹೆಲ್ಸಿಂಕಿ ನಗರಾಡಳಿತದ ನೌಕರರ ಮೇಲೆ ನಡೆದ ಒಂದು ಅಧ್ಯಯನ 1995ರಲ್ಲಿ ಪ್ರಕಟವಾಗಿದೆ. ಸೊಂಟ ಹಿಡಿದವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ವ್ಯಾಯಾಮ, ಮೂರನೆಯದಕ್ಕೆ ನೋವು ತಡೆಯುವಷ್ಟು ಮಟ್ಟಿಗೆ ಮಾಮೂಲಿ ಓಡಾಟ. ಬೇಗ ಚೇತರಿಸಿಕೊಂಡಿದ್ದು ಮೂರನೇ ಗುಂಪು, ಎಲ್ಲರಿಗಿಂತ ನಿಧಾನವಾಗಿದ್ದು ಮಲಗಿದ್ದವರು. ಮಕ್ಕಳಿರುವ ತಾಯಿಗೆ ಇದು ಸಮಾಧಾನದ ಸುದ್ದಿ. ಮಲಗಲು ಬಿಡುವಿಲ್ಲ ಅಂತ ಕೊರಗಬೇಕಿಲ್ಲ.

ಮಾತ್ರೆಗಳ ವಿಷಯಕ್ಕೆ ವೈದ್ಯರ ಬಳಿ ವಾಪಸ್ ಕಳಿಸಿದೆ. ಮಗುವಿಗೆ ಹಾಲು ಕುಡಿಸುವಾಗ ಯಾವ ಮಾತ್ರೆ, ಎಷ್ಟು ದಿನ ಅನ್ನುವುದನ್ನು ಅಂಗಡಿಯಲ್ಲಿ ಕೇಳಿ ತೀರ್ಮಾನಿಸಬಾರದು. ಇನ್ನು ಪ್ಯಾರಾಸಿಟಮಾಲ್: ಆಸ್ಟ್ರೇಲಿಯಾದಲ್ಲಿ 1,652 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದು ಸೊಂಟನೋವಿನ ಚೇತರಿಕೆಯನ್ನು ಬೇಗ ಮಾಡಲಿಲ್ಲ. ಬೆಲ್ಟನ್ನು ಕಪಾಟಿಗೆ ಸೇರಿಸಿದೆವು. ನೋವು ಮರುಕಳಿಸದಂತೆ ಅದು ತಡೆಯುತ್ತದೆ ಅನ್ನಲು ಆಧಾರ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿಗೆ ಕೊಟ್ಟ ಮಾರ್ಗಸೂಚಿಯೂ ಬೆಲ್ಟನ್ನು ವಾಡಿಕೆಯಾಗಿ ಕೊಡಬೇಡಿ ಅನ್ನುತ್ತದೆ.

ಮನೆಯಲ್ಲಿ ಬದಲಾದದ್ದು

ಗಂಡನನ್ನೂ ಒಂದು ಭೇಟಿಗೆ ಕರೆಸಿದೆ. ಅವರು ಕಾಳಜಿಯಿಲ್ಲದವರಲ್ಲ. ನೋವು ಬಂದಾಗ ಎಲ್ಲವನ್ನೂ ಮಾಡುತ್ತಿದ್ದರು, ನೋವು ಹೋದ ಕೂಡಲೇ ಎಲ್ಲವೂ ಮತ್ತೆ ಹೆಂಡತಿಯ ಪಾಲಿಗೆ ಹೋಗುತ್ತಿತ್ತು. ನೋವಿಲ್ಲದ ದಿನಗಳಲ್ಲಿ ಆಗುವ ಸಹಾಯವೇ ಮುಂದಿನ ನೋವನ್ನು ತಡೆಯುವುದು ಅಂತ ಹೇಳಿದಾಗ ಅವರು ತಮ್ಮ ಪಾಳಿಯ ಪಟ್ಟಿ ತೆಗೆದರು. ಮೂವರೂ ಕೂತು ಅದರ ಮೇಲೆಯೇ ಬರೆದೆವು. ರಾತ್ರಿ ಪಾಳಿ ಇಲ್ಲದ ದಿನ ಮಗ ಎದ್ದರೆ ಮೊದಲು ಏಳುವುದು ಅವರೇ. ಹಾಲು ಬೇಕಾದರೆ ಮಗುವನ್ನು ತಂದು ತಾಯಿಯ ಪಕ್ಕಕ್ಕೆ ಕೊಡುವುದು, ಹಾಲು ಕುಡಿದ ಮೇಲೆ ವಾಪಸ್ ತೊಟ್ಟಿಲಿಗೆ ಮಲಗಿಸುವುದು. ತಾಯಿ ಮಗ್ಗುಲಾಗಿ ಮಲಗಿಕೊಂಡೇ ಹಾಲು ಕುಡಿಸುತ್ತಾರೆ, ಏಳುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಮಗನ ಸ್ನಾನ, ಡೈಪರ್ ಎಲ್ಲ ಮುಗಿಸಿ ಆಮೇಲೆ ಅವರು ಮಲಗುವುದು. ಇದು ಸುಲಭದ ಒಪ್ಪಂದ ಅಲ್ಲ. ರಾತ್ರಿಯೆಲ್ಲ ಕೆಲಸ ಮಾಡಿ ಬಂದವರಿಗೂ ಬೆನ್ನು ಇದೆ. ಅದಕ್ಕೇ ಸ್ನಾನವನ್ನು ದಿನ ಬಿಟ್ಟು ದಿನಕ್ಕೆ ಇಳಿಸಿದೆವು.

ತೊಟ್ಟಿಲಿನ ಒಂದು ಬದಿಯ ಕಂಬಿಯನ್ನು ಇಳಿಸಿ ಬೀಗ ಹಾಕಬಹುದಿತ್ತು. ಎತ್ತುವಾಗ ಮಾತ್ರ ಇಳಿಸುವುದು, ಮಲಗಿಸಿದ ಮೇಲೆ ತಪ್ಪದೆ ಏರಿಸುವುದು. ಡೈಪರ್ ಬದಲಿಸುವುದನ್ನು ಹಾಸಿಗೆಯಿಂದ ಸೊಂಟದ ಎತ್ತರದ ಮೇಜಿಗೆ ತಂದರು; ಒಂದು ಕೈ ಯಾವಾಗಲೂ ಮಗುವಿನ ಮೇಲೆ. ಸ್ನಾನ ಮಾಡಿಸುವಾಗ ತೊಟ್ಟಿಯ ಪಕ್ಕ ಬಗ್ಗಿ ನಿಲ್ಲುವುದು ಬಿಟ್ಟು, ಮಂಡಿಯ ಕೆಳಗೆ ದಪ್ಪ ಟವೆಲ್ ಹಾಕಿ ಮಂಡಿಯೂರಿ ಕೂರುವುದು. ಕಾರಿನ ಸೀಟಿಗೆ ಮಗುವನ್ನು ಕೂರಿಸುವಾಗ ಹೊರಗೆ ನಿಂತು ತಿರುಚಿಕೊಳ್ಳುವ ಬದಲು ಒಂದು ಕಾಲನ್ನು ಕಾರಿನೊಳಗೆ ಇಟ್ಟು ಸೀಟಿನ ಎದುರಿಗೆ ಮುಖ ಮಾಡುವುದು. ಇವೆಲ್ಲ ಸಣ್ಣವು. ಆದರೆ ದಿನಕ್ಕೆ ಎಷ್ಟೋ ಸಲ ಆಗುವಂಥವು.

ಮಗಳ ವಿಷಯ ಬೇರೆ. ಅವಳಿಗೆ 14 ಕೆಜಿ. ಎತ್ತಿಕೊಳ್ಳಬೇಡಿ ಅಂದರೆ ಅದು ಅವಳಿಗೂ ತಾಯಿಗೂ ಶಿಕ್ಷೆ. ಅವಳು ‘ಎತ್ಕೋ’ ಅಂದಾಗಲೆಲ್ಲ ಬೇಕಿದ್ದದ್ದು ಎತ್ತರವೇ ಅಲ್ಲ, ಅಮ್ಮ. ಹಾಗಾಗಿ ತಾಯಿ ಮೊದಲು ತಾವೇ ಕೂರುವುದು, ಮಗಳು ಹತ್ತಿ ಬಂದು ತೊಡೆಯ ಮೇಲೆ ಕೂರುವುದು. ಮಂಚಕ್ಕೆ, ಬೇಸಿನ್‌ಗೆ, ಕಾರಿಗೆ ಅವಳೇ ಹತ್ತಲು ಒಂದು ಪುಟ್ಟ ಮೆಟ್ಟಿಲು. ಮೂರೂವರೆ ವರ್ಷದವರಿಗೆ ತಾನೇ ಹತ್ತುತ್ತೇನೆ ಅನ್ನುವುದೇ ಸಂಭ್ರಮ. ವಾರದೊಳಗೆ ಅಭ್ಯಾಸವಾಯಿತು. ದಿನಕ್ಕೊಂದು ಸಲ ಮಾತ್ರ, ಮಲಗುವ ಮುಂಚೆ, ತಾಯಿ ಅವಳನ್ನು ಬೇಕಂತಲೇ ಎತ್ತಿಕೊಳ್ಳಬೇಕು ಅಂತ ನಾನು ಬರೆದುಕೊಟ್ಟೆ. ಸೋಫಾದ ಮೇಲೆ ನಿಂತ ಮಗಳನ್ನು ಹತ್ತಿರ ಹೋಗಿ ತಬ್ಬಿ ಎತ್ತುವುದು. ಅಲ್ಲಿ ಬಗ್ಗುವುದೇ ಇಲ್ಲ. ಅದು ಅಕ್ಕರೆಯೂ ಹೌದು, ವ್ಯಾಯಾಮವೂ ಹೌದು.

ಬೆನ್ನನ್ನು ಮಕ್ಕಳಿಗಿಂತ ಮುಂದೆ ಇಡುವುದು

ಒಂದರಿಂದ ಐದು ವರ್ಷದವರೆಗೆ ಮಕ್ಕಳ ತೂಕ ವರ್ಷಕ್ಕೆ ಸುಮಾರು ಎರಡು ಕೆಜಿ ಏರುತ್ತದೆ. ಅಂದರೆ ತಾಯಿ ಎತ್ತುವ ಭಾರ ಪ್ರತಿ ವರ್ಷ ಹೆಚ್ಚುತ್ತದೆ. ಬೆನ್ನಿನ ಬಲ ಮಾತ್ರ ಇದ್ದಲ್ಲೇ ಇದ್ದರೆ, ಅಥವಾ ಭಯದಿಂದ ಕುಗ್ಗುತ್ತಿದ್ದರೆ, ಲೆಕ್ಕ ತಪ್ಪುತ್ತದೆ. ಹಾಗಾಗಿ ಗುರಿ ಸ್ಪಷ್ಟವಾಗಿತ್ತು. ಮಗಳ ತೂಕಕ್ಕಿಂತ ಜಾಸ್ತಿ ಭಾರವನ್ನು ಅವಸರವಿಲ್ಲದೆ, ಉಸಿರು ಬಿಗಿಹಿಡಿಯದೆ ಎಂಟು ಸಲ ಎತ್ತಿ ಇಡಲು ಬರಬೇಕು.

ಶುರು ಮಾಡಿದ್ದು ಕುರ್ಚಿಯಿಂದ ಏಳುವುದು ಕೂರುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಮೇಲೆತ್ತುವುದು, ನಾಲ್ಕು ಕಾಲಿನ ಭಂಗಿಯಲ್ಲಿ ಎದುರುಬದುರಿನ ಕೈಕಾಲು ಚಾಚುವುದು. ನಂತರ ಒಂದು ಚೀಲ. ಮೊದಲು 5 ಕೆಜಿ, ಕುರ್ಚಿಯ ಎತ್ತರದಿಂದ ಎತ್ತುವುದು. ಅದು ಹಗುರ ಅನ್ನಿಸಿದಾಗ ನೆಲದಿಂದ. ಆಮೇಲೆ 8, 12. ಬೆನ್ನನ್ನು ಬಗ್ಗಿಸಿಯೂ ಎತ್ತಿ ಅಂದಾಗ ಅವರು ನನ್ನ ಮುಖ ನೋಡಿದರು. ಕಡಿಮೆ ತೂಕದಲ್ಲಿ, ನಿಧಾನವಾಗಿ ಬಗ್ಗಿ ಎತ್ತುವುದನ್ನೂ ಕಲಿಯಬೇಕು. ಮನೆಯಲ್ಲಿ ಹೇಗಿದ್ದರೂ ಬಗ್ಗುವುದು ಇದ್ದೇ ಇದೆ. ಅದಕ್ಕೆ ಬೆನ್ನು ತಯಾರಿರಲಿ.

ಇದಕ್ಕೆ ಬೇಕಾದ ಹೊತ್ತು ಎಲ್ಲಿಂದ ಬರಬೇಕು? ಇದೇ ಎಲ್ಲ ಪೋಷಕರ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಅರ್ಧ ಗಂಟೆ ಒಟ್ಟಿಗೆ ಹುಡುಕಿದರೆ ಸಿಗುವುದಿಲ್ಲ. ಚೀಲ ಎತ್ತುವುದನ್ನು ವಾರಕ್ಕೆ ಎರಡು ಸಲ, ಗಂಡ ಮನೆಯಲ್ಲಿರುವ ದಿನ, ಹತ್ತು ನಿಮಿಷ ಅಂತ ಇಟ್ಟೆವು. ಉಳಿದವು ದಿನದ ಕೆಲಸಕ್ಕೇ ಅಂಟಿಕೊಂಡವು. ಮಗ ನೆಲದಲ್ಲಿ ಆಡುವಾಗ ಪಕ್ಕದಲ್ಲೇ ಸೊಂಟ ಎತ್ತುವುದು. ಮಗಳು ಅದನ್ನು ಸೇತುವೆ ಆಟ ಮಾಡಿಕೊಂಡು ಕೆಳಗೆ ಗೊಂಬೆ ಕಾರು ಓಡಿಸುತ್ತಿದ್ದಳು. ಎಣಿಸುವುದು ಅವಳ ಕೆಲಸ. ಆರರ ನಂತರ ಒಂಬತ್ತಕ್ಕೆ ಹಾರುತ್ತಿದ್ದಳು.

ಇನ್ನೊಂದು ಭಾಗ ನಡಿಗೆ. ನೋವು ವಾಸಿಯಾದವರಲ್ಲಿ ಹತ್ತಕ್ಕೆ ಏಳು ಜನರಿಗೆ ಒಂದು ವರ್ಷದೊಳಗೆ ಮತ್ತೆ ಬರುತ್ತದೆ. ಇದನ್ನು ತಡೆಯಲು ನಡಿಗೆ ಎಷ್ಟು ಸಹಾಯ ಅಂತ ಆಸ್ಟ್ರೇಲಿಯಾದಲ್ಲಿ 701 ಜನರ ಮೇಲೆ ನೋಡಿದ್ದಾರೆ. ಫಲಿತಾಂಶ 2024ರಲ್ಲಿ ಬಂತು. ಹಂತಹಂತವಾಗಿ ನಡಿಗೆ ಹೆಚ್ಚಿಸಿಕೊಂಡು, ಜೊತೆಗೆ ಫಿಸಿಯೋಥೆರಪಿಸ್ಟ್ ಬಳಿ ಬೆನ್ನಿನ ಬಗ್ಗೆ ತಿಳಿದುಕೊಂಡ ಗುಂಪಿಗೆ ನೋವು ಮರುಕಳಿಸಲು ಮೀಡಿಯನ್ ಲೆಕ್ಕದಲ್ಲಿ (ಎಲ್ಲರ ದಿನಗಳನ್ನು ಸಾಲಾಗಿ ಜೋಡಿಸಿದರೆ ನಟ್ಟನಡುವೆ ಬರುವ ಅಂಕಿ) 208 ದಿನ ಹಿಡಿಯಿತು. ಏನೂ ಮಾಡದವರಿಗೆ 112 ದಿನ. ಗುರಿ ವಾರಕ್ಕೆ ಐದು ಸಲ, 30 ನಿಮಿಷ. ಅದನ್ನು ಆರು ತಿಂಗಳಲ್ಲಿ ಮುಟ್ಟಿದರೆ ಸಾಕು. ನಮ್ಮ ತಾಯಿ ಮಗನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು 10 ನಿಮಿಷದಿಂದ ಶುರು ಮಾಡಿದರು. ತಳ್ಳುಗಾಡಿಯ ಹಿಡಿಕೆ ತೀರಾ ಕೆಳಗಿತ್ತು, ಅದನ್ನು ಏರಿಸಿದೆವು. ಈ ನಡಿಗೆ ಅವರಿಗೆ ಬೆನ್ನಿಗಿಂತ ಮನಸ್ಸಿಗೆ ಮೊದಲು ಹಿಡಿಸಿತು. ದಿನದಲ್ಲಿ ಯಾರೂ ಏನೂ ಕೇಳದ ಹೊತ್ತು ಅದೊಂದೇ ಅಂದರು.

ಏಳನೇ ವಾರ

ಮಗಳಿಗೆ ಜ್ವರ ಬಂತು. ಎರಡು ರಾತ್ರಿ ಅವಳು ಹೆಗಲು ಬಿಟ್ಟು ಇಳಿಯಲಿಲ್ಲ. ಗಂಡನಿಗೆ ಆ ಎರಡೂ ರಾತ್ರಿ ಪಾಳಿ. ಮೂರನೇ ದಿನ ಬೆಳಿಗ್ಗೆ ಬೆನ್ನು ಹಿಡಿದುಕೊಂಡಿತು.

ಇಂಥದ್ದು ಬರುತ್ತದೆ ಅಂತ ಮೊದಲೇ ಮಾತಾಡಿಕೊಂಡು ಒಂದು ಹಾಳೆ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೆವು. ಮೊದಲು ಅಪಾಯದ ಲಕ್ಷಣಗಳನ್ನು ನೋಡಿಕೊಳ್ಳುವುದು. ಇಲ್ಲದಿದ್ದರೆ ಗಂಟೆಗೊಮ್ಮೆ ಐದು ನಿಮಿಷ ಮನೆಯೊಳಗೇ ನಡೆಯುವುದು. ನಡುವೆ ಬೇಕಾದರೆ ಕಾಲುಗಳನ್ನು ಕುರ್ಚಿಯ ಮೇಲಿಟ್ಟು ಹದಿನೈದು ನಿಮಿಷ ಮಲಗುವುದು, ಬಿಸಿನೀರಿನ ಬ್ಯಾಗ್ ಇಡುವುದು. ಮಾತ್ರೆ ವೈದ್ಯರು ಬರೆದುಕೊಟ್ಟಂತೆ. ಮಗುವನ್ನು ನೆಲದಿಂದ ಎತ್ತುವುದು ಎರಡು ದಿನ ಬೇರೆಯವರು. ತಾಯಿ ನೆಲದಲ್ಲೇ ಮಗನ ಪಕ್ಕ ಮಲಗಿ ಹಾಲು ಕೊಡಬಹುದು, ಆಡಿಸಬಹುದು. ಮೂರನೇ ದಿನದಿಂದ ಚೀಲವಿಲ್ಲದೆ ವ್ಯಾಯಾಮ. ಯಾರನ್ನು ಕರೆಯಬೇಕು ಅಂತ ಎರಡು ಫೋನ್ ನಂಬರ್.

ಆ ದಿನ ಅವರು ಫೋನ್ ಮಾಡಿದರು. “ಮೇಡಂ, ಬಂದಿದೆ. ಆದ್ರೆ ಈ ಸಲ ಯಾಕೆ ಬಂತು ಅಂತ ಗೊತ್ತು.” ದನಿಯಲ್ಲಿ ಮೊದಲ ದಿನದ ಗಾಬರಿ ಇರಲಿಲ್ಲ. ನಾಲ್ಕು ದಿನಕ್ಕೆ ಸರಿಹೋದರು. ಹಿಂದೆಲ್ಲ ಎರಡು ವಾರ ಹಿಡಿಯುತ್ತಿತ್ತು. ನನಗೆ ಈ ಏಳನೇ ವಾರ, ನೋವಿಲ್ಲದೆ ಕಳೆದ ಆರು ವಾರಗಳಿಗಿಂತ ದೊಡ್ಡದು. ಮತ್ತೆ ಬಂದ ನೋವು ಕೆಟ್ಟುಹೋದ ಬೆನ್ನಿನ ಗುರುತಲ್ಲ ಅಂತ ಅವರು ಮೈಯಲ್ಲೇ ಕಂಡುಕೊಂಡಿದ್ದು ಆಗ.

ಆರು ತಿಂಗಳ ನಂತರ

ಆಮೇಲೆ ಒಂದು ಸಲ ಮಾತ್ರ ಬೆನ್ನು ಬಿಗಿದಿತ್ತು, ಎರಡು ದಿನ. ಕೆಲಸಕ್ಕೆ ರಜೆ ಹಾಕಲಿಲ್ಲ. ಚೀಲದ ತೂಕ 16 ಕೆಜಿ ಆಗಿದೆ, ಮಗಳು ಈಗ 15. ಸೀನಿದಾಗ ಮೂತ್ರ ಹೋಗುವುದು ಬಹಳ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ನಡಿಗೆ ವಾರಕ್ಕೆ ಮೂರು ಸಲಕ್ಕೆ ನಿಂತಿದೆ, ಐದಕ್ಕೆ ಏರಿಲ್ಲ. ಚೀಲ ಮುಟ್ಟದ ವಾರಗಳೂ ಇವೆ, ಮುಖ್ಯವಾಗಿ ಮಕ್ಕಳಿಗೆ ಹುಷಾರಿಲ್ಲದಾಗ. ಅದು ಸಹಜ. ಬಿಟ್ಟ ವಾರಕ್ಕೆ ಪರಿತಪಿಸದೆ, ತೂಕ ಸ್ವಲ್ಪ ಇಳಿಸಿ ಮತ್ತೆ ಶುರು ಮಾಡಿ ಅಂತ ಹೇಳಿದ್ದೇನೆ.

ಇಲ್ಲಿ ಯಾವುದು ಎಷ್ಟು ಕೆಲಸ ಮಾಡಿತು ಅಂತ ಬಿಡಿಸಿ ಹೇಳಲು ಒಂದು ಪ್ರಕರಣದಿಂದ ಆಗುವುದಿಲ್ಲ. ಮಗನೂ ದೊಡ್ಡವನಾದ, ರಾತ್ರಿ ಏಳುವುದು ಅವನಾಗಿಯೇ ಕಡಿಮೆ ಮಾಡಿದ. ಅದರ ಪಾಲೂ ಇದೆ. ಆದರೂ ನನ್ನ ಅಂದಾಜು ಹೇಳುವುದಾದರೆ, ರಾತ್ರಿಗಳನ್ನು ಹಂಚಿಕೊಂಡಿದ್ದು ಮತ್ತು ಭಯ ಬಿಟ್ಟು ಭಾರ ಎತ್ತಲು ಶುರು ಮಾಡಿದ್ದು, ಇವೆರಡೂ ಉಳಿದ ಎಲ್ಲಕ್ಕಿಂತ ದೊಡ್ಡವು. ಗಂಡ ಆ ಒಂದು ಭೇಟಿಗೆ ಬರದೇ ಇದ್ದಿದ್ದರೆ ಈ ಫಲಿತಾಂಶ ಸಿಗುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಒಬ್ಬರೇ ಮಕ್ಕಳನ್ನು ಬೆಳೆಸುತ್ತಿರುವವರಿಗೆ ಇದೇ ಯೋಜನೆ ಹೊಂದುವುದಿಲ್ಲ. ಅಲ್ಲಿ ಮೊದಲ ಭೇಟಿಯಲ್ಲೇ, ವಾರದಲ್ಲಿ ಒಂದೆರಡು ರಾತ್ರಿಯಾದರೂ ಜೊತೆಗೆ ಬಂದು ಇರಬಲ್ಲವರು ಯಾರು ಅಂತ ಹುಡುಕಬೇಕಾಗುತ್ತದೆ.

ಮೂರು ತಿಂಗಳಿಗೆ ಮತ್ತೆ ನೋಡುವುದು ಅಂತ ಮಾತಾಗಿದೆ. ಅಷ್ಟರೊಳಗೆ ಚೀಲ 18 ಕೆಜಿಗೆ ಹೋಗಬೇಕು, ಪೆಲ್ವಿಕ್ ಫ್ಲೋರ್ ವ್ಯಾಯಾಮ ಮುಂದುವರಿಯಬೇಕು. ಚಿಕ್ಕವನು ನಡೆಯಲು ಕಲಿತಿದ್ದಾನೆ. ಇನ್ನು ಅವನ ಹಿಂದೆ ಬಗ್ಗಿಕೊಂಡು ಓಡುವ ದಿನಗಳು ಬರುತ್ತವೆ. ಗಂಡನ ಪಾಳಿ ಮುಂದಿನ ತಿಂಗಳು ಬದಲಾಗುತ್ತದೆ. ರಾತ್ರಿಯ ಹಂಚಿಕೆಯನ್ನು ಆಗ ಮತ್ತೆ ಕೂತು ಬರೆಯಬೇಕು.